ಗೂಟದ ಹಿಂದಿನ ತೂತುಗಳು

ಹೊಗೆಯಾಡುವ ಆ ಜ್ವಾಲಾಮುಖಿ ದ್ವೀಪ ನೋಡಲು ಬಂದವರನ್ನು ಬೆಟ್ಟ ಹತ್ತಿಸುವುದು ಗೂಟದಪ್ಪನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ. ಕರಿಕಲ್ಲಿನ ಪದರಗಳನ್ನು ತೋರಿಸಿ, ಒಂದೊಂದು ಪದರವೂ ಬೆಟ್ಟ ಒಂದೊಂದು ಸಲ ಉಗುಳಿದ್ದು ಎಂದು ಹೇಳಿ ಹೇಳಿ ಅವನ ಗಂಟಲು ಒಣಗಿತ್ತು. ಕೇಳುವವರು ಯಾರು? ನಿನ್ನೆ ಒಬ್ಬಾಕೆ, ಫೋಟೋಗೆ ಹೊಗೆ ಸ್ವಲ್ಪ ಜಾಸ್ತಿ ಮಾಡಿಸಲು ಆಗುತ್ತದೆಯೇ ಎಂದು ವಿಚಾರಿಸಿದ್ದಳು. ಅವನಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು.

ಮನುಷ್ಯರಿಗಿಂತ ಅವನು ನಂಬಿದ್ದು ದಾರಿಗೆ ಅಡ್ಡಲಾಗಿದ್ದ ಬಿರುಕನ್ನು. ಅದರ ಆಚೆಗೊಂದು ಈಚೆಗೊಂದು ಕಬ್ಬಿಣದ ಗೂಟ ಹೊಡೆದಿದ್ದ. ಅಡ್ಡಹೆಸರು ಬಂದದ್ದೂ ಅದರಿಂದಲೇ. ಪ್ರತಿ ಸೋಮವಾರ ನಡುವಿನ ಅಂತರ ಅಳೆದು ಪುಸ್ತಕದಲ್ಲಿ ಬರೆಯುವನು. ಅದು ಹೆಚ್ಚಿದರೆ ಒಳಗಿನ ಬೆಂಕಿ ಮೇಲೇರುತ್ತಿದೆ ಎಂದರ್ಥ, ದಾರಿ ಮುಚ್ಚಬೇಕು. ನಾಲ್ಕು ವಾರದಿಂದ ಅದೇ ಎರಡಡಿ ಮೂರಂಗುಲ.

ಈ ಸೋಮವಾರ ಯಾರದೋ ಕಿತ್ತ ಚಪ್ಪಲಿಗೆ ದಾರ ಕಟ್ಟುತ್ತ ಅವನು ಹಿಂದುಳಿದ. ಮಗಳು ಉಳಿದವರನ್ನು ಕರೆದುಕೊಂಡು ಆಗಲೇ ಬೆಟ್ಟದ ಬಾಯಿಯ ಹತ್ತಿರ ಹೋಗಿದ್ದಳು. ಗೊಣಗುತ್ತಲೇ ಬಂದು ಟೇಪು ಹಿಡಿದರೆ ಅದೇ ಅಳತೆ. ಆದರೆ ಒಂದು ಗೂಟದ ಹಿಂದೆ, ಬೂದಿ ತುಂಬಿದ ಮೂರು ತೂತುಗಳು ಕಂಡವು. ಜೊತೆಗಿದ್ದ, ದೋಣಿ ನಡೆಸುವ ಭಾಮೈದನನ್ನು ಇದೇನೆಂದು ಕೇಳಿದ.

"ಜನ ಎಡವಿ ಗೂಟ ಸರಿತಾ ಇತ್ತು ಭಾವ," ಎಂದ ಅವನು, ಹೆಮ್ಮೆಯಿಂದಲೇ. "ಸರಿದಾಗೆಲ್ಲ ಕಿತ್ತು, ನಿಮ್ಮ ಪುಸ್ತಕದಲ್ಲಿರೋ ಅಳತೆಗೇ ಸರಿಯಾಗಿ ಕೂರಿಸಿದೀನಿ."

ಎಲ್ಲಕ್ಕಿಂತ ಹಿಂದಿನ, ಗೂಟ ಮೊದಲಿದ್ದ ತೂತಿನಿಂದ ಎದುರಿನ ಗೂಟದವರೆಗೆ ಅಳೆದ. ಮೂರಡಿ. ಮಗಳು ಮೇಲಿದ್ದಳು. ಉಸಿರು ಕಟ್ಟುವವರೆಗೆ ಸೀಟಿ ಊದಿದ.

ತಂಡ ಸಿಡಿಮಿಡಿಗುಟ್ಟುತ್ತ ಇಳಿದು ಬಂತು. ಬೆಂಕಿಯನ್ನೇ ನೋಡಲಿಲ್ಲವಲ್ಲ ಎಂದು ಒಬ್ಬ ಜಗಳಕ್ಕೇ ನಿಂತ. ಅವನ ರಟ್ಟೆ ಹಿಡಿದು ಬಿರುಕಿನ ಈಚೆಗೆ ಎಳೆದುಕೊಂಡದ್ದಾಯಿತು. ಕೊನೆಗೆ ಉಳಿದವಳು ಮಗಳು. ಹತ್ತು ವರ್ಷದವಳಿದ್ದಾಗಿನಿಂದ ಆ ಬಿರುಕನ್ನು ಒಂದೇ ಹೆಜ್ಜೆಗೆ ದಾಟುತ್ತಿದ್ದವಳು, ಈಗ ನಿಂತು, ಎರಡೂ ಕಾಲೂರಿ ಜಿಗಿದಳು.

"ಯಾವಾಗಿಂದ ಹೀಗೆ ಜಿಗೀತಿದೀಯ?" ಅವಳ ಕೈ ಬಿಡದೆ ಕೇಳಿದ.

"ಎರಡು ವಾರ ಆಯ್ತು. ನಿನ್ನ ಪುಸ್ತಕ ನೋಡ್ದೆ ಅಪ್ಪ, ಅಳತೆ ಹಾಗೇ ಇತ್ತು. ನನ್ನ ಹೆಜ್ಜೆನೇ ಚಿಕ್ಕದಾಗಿರ್ಬೇಕು ಅಂದ್ಕೊಂಡೆ."