ಹುಟ್ಟು ನೆಟ್ಟಗೆ ಎತ್ತಿದರೆ
ಹಲವಾಗಲು ಊರಿನ ಶಾಂತಕುಮಾರಿ ಸಮುದ್ರ ಕಂಡವಳಲ್ಲ, ಹೊಳೆ ಕಂಡವಳು. ಅಪ್ಪ ಪಾಲಣ್ಣ ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವನು. ನೀರು ಬಲ್ಲವಳು ಎಂದು ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಹಿಂದೆ, ಮೆಕ್ಕೆಜೋಳದ ಗೋದಾಮಿನ ಮೇಲಿದ್ದ ಕಂಪನಿಯೊಂದು ಅವಳನ್ನು ಕೆಲಸಕ್ಕೆ ತೆಗೆದುಕೊಂಡಿತು.

ಒಳಗೆ ಪರದೆಯಿದ್ದ ದಪ್ಪ ಕನ್ನಡಕ ತೊಟ್ಟರೆ ಸುತ್ತಲೂ ಯಾವುದೋ ದೇಶದ ಗಡಿ ಸಮುದ್ರ. ದೋಣಿ ಕಂಡರೆ ಬೆರಳು ತೋರಿಸಿ ಬಣ್ಣ ಕೊಡಬೇಕು. ಕದ್ದು ಬರುವವರಿಗೆ ಹಳದಿ, ಮುಳುಗುವವರಿಗೆ ಕೆಂಪು, ಯಾರೂ ನೆರವಿಗೆ ಹೋಗಬೇಕಿಲ್ಲ ಎಂದರೆ ಹಸಿರು. "ಇದು ಬರೇ ಮೆಷಿನ್ನಿಗೆ ಕಲಿಸೋ ತಾಲೀಮು, ಕಾರ್ಟೂನ್ ಇದ್ದಂಗ," ಎಂದಿದ್ದ ಮೇಲ್ವಿಚಾರಕ ವೆಂಕಟೇಶ. ಪಾಪ, ನಂಬಿದಳು.

ಒಂದು ಮಧ್ಯಾಹ್ನ ಜನ ಕಿಕ್ಕಿರಿದ ರಬ್ಬರ್ ದೋಣಿ ಬಂತು. ಹೂವಿನ ದುಪಟ್ಟಾದ ಹೆಂಗಸೊಬ್ಬಳು ಹುಟ್ಟನ್ನು ನೆಟ್ಟಗೆ ಮೇಲೆತ್ತಿ ಹಿಡಿದಿದ್ದಳು. ಪಾಲಣ್ಣನ ಕಡೆಯವರು ನಡುನೀರಲ್ಲಿ ಹಾಗೆ ಹುಟ್ಟು ಎತ್ತಿದರೆ, 'ಚೆನ್ನಾಗಿದ್ದೇನೆ, ಯಾರೂ ಬರಬೇಡಿ' ಎಂದರ್ಥ. ದಡದಲ್ಲಿ ಕಾಯುವ ಹೆಂಡತಿ ಅದನ್ನು ನೋಡಿ ನಿಶ್ಚಿಂತೆಯಿಂದ ಒಲೆ ಹಚ್ಚಲು ಹೋಗುತ್ತಾಳೆ. ಶಾಂತಕುಮಾರಿಗೆ ತನ್ನೂರೇ ಕಂಡಂತಾಗಿ, ನಗುತ್ತ ಹಸಿರು ಕೊಟ್ಟಳು.

ಎಂಟು ದಿನದ ಮೇಲೆ ಅದೇ ದೋಣಿ ಬೋರಲಾಗಿ ತೇಲುತ್ತಿತ್ತು. ಪಕ್ಕದಲ್ಲಿ ಅದೇ ದುಪಟ್ಟಾ, ಅದರೊಳಗೆ ಅವಳು. ಕಾರ್ಟೂನಿನ ಹೆಣ ಉಬ್ಬುವುದಿಲ್ಲ.

"ಸರ್, ಇದು ಖರೇನೇನ್ರಿ?"

"ಖರೇನ. ನೀನ ಸಹಿ ಮಾಡೀಯಲ್ಲ, ಕಾಗದದಾಗ ಬರದೈತಿ."

ಕಾಗದ ಇಂಗ್ಲಿಷಿನಲ್ಲಿತ್ತು, ನಲವತ್ತು ಪುಟ.

"ನಂದು ತಪ್ಪಾಗೈತ್ರಿ. ಆಕಿ ಹುಟ್ಟೆತ್ತಿ ನೆರವಿಗೆ ಕರೀತಿದ್ಲು. ಕೆಂಪು ಮಾಡ್ರಿ."

"ಸತ್ತೋರಿಗೆ ಯಾವ ಬಣ್ಣ ಆದ್ರೇನು?"

"ಅವರಿಗಲ್ರಿ, ಮುಂದ ಬರೋರಿಗೆ!"

"ನೀ ಬಣ್ಣ ಹಚ್ಚಿದ್ದು ನೋಡಿ ಮೆಷಿನ್ನು ಕಲ್ತೈತಿ. ಈಗ ತಿದ್ದಿದ್ರ ತಪ್ಪು ಒಪ್ಪಿಕೊಂಡಂಗ. ನಾಳೆ ಕೋರ್ಟಿನ್ಯಾಗ ಕೇಳಿದ್ರ ಅಲ್ಲಿ ಇರೋದು ನಿನ್ನ ಹೆಸರು, ನಂದಲ್ಲ. ಸುಮ್ನ ಕೂತ್ಕ."

ಕಥೆ ಹೇಳುವ ನನಗೆ ಮೈ ಉರಿಯುವುದು ಇಲ್ಲೇ. ಗಡಿ ಆ ದೇಶದವರದು, ಯಂತ್ರ ಈ ಕಂಪನಿಯವರದು, ಕೊಲೆ ಮಾತ್ರ ಅಂಬಿಗರ ಮಗಳದು. ಯಾವ ಕಾನೂನಿಗೂ ಇವರು ಸಿಕ್ಕುವುದಿಲ್ಲ.

ಹೇಗಾದರೂ ತಾನೇ ತಿದ್ದಬೇಕೆಂದು ಅವಳು ಮತ್ತೆ ಕನ್ನಡಕ ತೊಟ್ಟಳು. ಇನ್ನೊಂದು ದೋಣಿ ಬರುತ್ತಿತ್ತು. ಮುದುಕನೊಬ್ಬ ದೋಣಿಯೊಳಗೆ ನುಗ್ಗಿದ ಮೊಣಕಾಲುದ್ದ ನೀರಿನಲ್ಲಿ ನಿಂತು ಹುಟ್ಟು ನೆಟ್ಟಗೆ ಎತ್ತಿದ್ದ. ಅವಳು ಬೆರಳೆತ್ತುವ ಮೊದಲೇ ದೋಣಿ ಹಸಿರಾಯಿತು. ಕೆಂಪು ಕೊಟ್ಟಳು, ಮತ್ತೆ ಮತ್ತೆ ಕೊಟ್ಟಳು; ಹಸಿರು ಹೋಗಲಿಲ್ಲ. ಮೂಲೆಯಲ್ಲಿ ಅಚ್ಚ ಕನ್ನಡದ ಅಕ್ಷರ ಮೂಡಿತು: 'ಹಲವಾಗಲು ನಿಯಮ: ಹುಟ್ಟು ನೆಟ್ಟಗಿದ್ದರೆ ಹಸಿರು. ಬದಲಿಸಲಾಗದು.'