ಅಪ್ಪನಿಗೆ ಬೇಸ್‌ಬಾಲ್ ನೋಡಿ ಹೇಳಿದ್ದು

ನನ್ನನ್ನು ಶಾಲೆ ಬಿಡಿಸಿದ್ದು ಅಪ್ಪನ ಕಣ್ಣು ಹೋದ ವರ್ಷ. ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಸೌದೆ ಹಾಕುವ ಕೆಲಸ ಅವರದ್ದು. ಬೆಂಕಿ ನೋಡಿ ನೋಡಿಯೇ ಹೀಗಾಯಿತು ಎಂದು ಜನ ಹೇಳುತ್ತಿದ್ದರು. ಕೊನೆಗೆ ಅವರಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಅಮ್ಮ ಮೊದಲೇ ತೀರಿಕೊಂಡಿದ್ದರು. ಒಂದು ಬೆಳಿಗ್ಗೆ ಅಪ್ಪ, "ನಾಳೆಯಿಂದ ಗೇರುಬೀಜದ ಕಾರ್ಖಾನೆಗೆ ಹೋಗು. ತಮ್ಮ ಓದಲಿ" ಎಂದರು. ಅಷ್ಟೇ. ಓದಿನಲ್ಲಿ ನಾನು ತಮ್ಮನಿಗಿಂತ ಚುರುಕು, ಬಿಜೈಯಲ್ಲಿ ನಮ್ಮ ಓಣಿಗೆಲ್ಲ ಗೊತ್ತಿದ್ದ ಸಂಗತಿ ಅದು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಬೂದಿ ಹಚ್ಚಿಕೊಂಡು ಕೂತರೂ ನನ್ನ ಬೆರಳುಗಳು ಕಪ್ಪಾದವು. ದುಡಿಯುವುದಕ್ಕೆ ನಾನು ಅಂಜಿದವಳಲ್ಲ. ನನ್ನಿಂದ ಕಿತ್ತುಕೊಂಡದ್ದು ಎಂತ ಎಂದು ಅಪ್ಪನಿಗೆ ಗೊತ್ತುಂಟೋ ಇಲ್ಲವೋ, ಅದು ಒಮ್ಮೆ ಅವರ ಬಾಯಿಂದ ಬರಬೇಕಿತ್ತು. ವರ್ಷಗಳು ಹೋದವು, ಬರಲಿಲ್ಲ.

ತಮ್ಮನ ಹೈಸ್ಕೂಲಿಗೆ ಮದ್ರಾಸಿನಲ್ಲಿ ಕಲಿತು ಬಂದ ಡ್ರಿಲ್ ಮಾಸ್ಟ್ರೊಬ್ಬರು ಬಂದರು. ಊರೆಲ್ಲ ಕ್ರಿಕೆಟ್ ಎನ್ನುವಾಗ ಇವರು ಬೇಸ್‌ಬಾಲ್ ಎಂದರು. ಬಡಗಿಯಿಂದ ಒನಕೆಯ ಹಾಗಿನ ದಾಂಡು ಮಾಡಿಸಿ, ಗೋಣಿಯ ಚೀಲಗಳಿಗೆ ಉಮಿ ತುಂಬಿಸಿ ಮೈದಾನದ ನಾಲ್ಕು ಮೂಲೆಗೆ ಇಟ್ಟರು. ಚೆಂಡು ಹೊಡೆದವನು ಒಂದೊಂದೇ ಚೀಲ ಮುಟ್ಟುತ್ತಾ ಸುತ್ತು ಹಾಕಿ, ಹೊರಟಲ್ಲಿಗೇ ವಾಪಸು ಬರಬೇಕು. ಬಂದರೆ ಒಂದು ರನ್. ಒಂದೇ ಓಟಕ್ಕೆ ಆಗದಿದ್ದರೆ ನಡುವಿನ ಚೀಲದಲ್ಲಿ ನಿಂತು ಮುಂದಿನವನ ಹೊಡೆತಕ್ಕೆ ಕಾಯಬೇಕು. ಇದಕ್ಕೆ ಅಷ್ಟು ದೊಡ್ಡವರು ಮದ್ರಾಸಿಗೆ ಹೋಗಿ ಕಲಿಯಬೇಕಿತ್ತಾ ಎಂದು ನನಗೆ ನಗು.

ಶನಿವಾರ ಕಾರ್ಖಾನೆ ಬೇಗ ಬಿಡುತ್ತಿತ್ತು. "ನನ್ನನ್ನು ಮೈದಾನಕ್ಕೆ ಕರಕೊಂಡು ಹೋಗು. ಹುಡುಗ ಆಡುವುದನ್ನು ನೋಡಿ ಹೇಳು" ಎಂದರು ಅಪ್ಪ. ಇದೂ ಅಪ್ಪಣೆಯೇ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದು ನನ್ನನ್ನು ಆರಿಸಿಕೊಂಡಿರಬೇಕು. ಅಷ್ಟು ಗಂಡಸರ ನಡುವೆ ಹೆಣ್ಣು ನಾನೊಬ್ಬಳೇ, ಮರದ ಬುಡದಲ್ಲಿ ಅಪ್ಪನ ಕೈ ಹಿಡಿದು ಕೂತೆ.

"ಈಗ ಎಂತ ಆಗ್ತಾ ಉಂಟು?"

"ಎಂತ ಇಲ್ಲ ಅಪ್ಪ. ಎಲ್ಲ ಸುಮ್ಮನೆ ನಿಂತಿದ್ದಾರೆ."

ನಿಜವಾಗಿಯೂ ನನಗೆ ಕಂಡದ್ದು ಅಷ್ಟೇ. ಕೋಳಿ ಅಂಕದಲ್ಲಾದರೆ ಗೆದ್ದದ್ದು ಯಾವುದು ಎಂದು ಯಾರನ್ನೂ ಕೇಳಬೇಕಿಲ್ಲ. ಇಲ್ಲಿ ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಬೀಸುತ್ತಾನೆ, ತಾಗುವುದಿಲ್ಲ, ಮತ್ತೆ ಎಸೆಯುತ್ತಾನೆ. ಆದರೆ ಅಪ್ಪ ಬಿಡುವವರಲ್ಲ. "ನಿಂತಿದ್ದಾರೆ ಎಂದರೆ ಎಲ್ಲಿ? ಚೀಲದ ಮೇಲಾ, ಪಕ್ಕದಲ್ಲಾ? ಎಸೆಯುವವನು ಯಾವ ಕಡೆ ನೋಡ್ತಾನೆ?" ಸಿಟ್ಟು ಬರುತ್ತಿತ್ತು. ಆದರೂ ಉತ್ತರ ಕೊಡಬೇಕಾದರೆ ನೋಡಲೇಬೇಕಲ್ಲ. ಹಾಗೆ ನೋಡನೋಡುತ್ತಾ ತಿಂಗಳು ಕಳೆಯುವಾಗ ನನಗೆ ಕಾಣಲು ಶುರುವಾಯಿತು. ಎರಡನೇ ಚೀಲದ ಹುಡುಗ ಹಿಮ್ಮಡಿ ಎತ್ತಿ ಹೆಜ್ಜೆ ಹೆಜ್ಜೆಯಾಗಿ ಮುಂದೆ ಜರುಗುವುದು. ಎಸೆಯುವವನು ಅವನನ್ನು ನೋಡಿಯೂ ನೋಡದ ಹಾಗೆ ಮಾಡುವುದು. ದೂರದವರು ಹೊಡೆಯುವವನ ಕಾಲು ನೋಡಿಯೇ ಜಾಗ ಬದಲಿಸುವುದು. ಚೆಂಡು ಕೈ ಬಿಡುವ ಮೊದಲೇ ಅರ್ಧ ಆಟ ಆಗಿರುತ್ತದೆ, ಸುಮ್ಮನೆ ನಿಂತವರು ಒಬ್ಬರೂ ಇಲ್ಲ. ಬೀಜ ಒಡೆಯುತ್ತಾ ಕೂತಾಗ ಶನಿವಾರ ಎಂದು ಬರುತ್ತದೋ ಎಂದು ನಾನೇ ಕಾಯತೊಡಗಿದೆ. ಅಪ್ಪನಿಗೆ ಮಾತ್ರ ಅದನ್ನು ಹೇಳಲಿಲ್ಲ.

ಮಳೆಗಾಲಕ್ಕೆ ಮುಂಚಿನ ಕೊನೆಯ ಪಂದ್ಯ ಕಾಲೇಜಿನ ಹುಡುಗರ ಜೊತೆ. ಸಮ ಸಮ ರನ್. ನಮ್ಮವರ ಕೊನೆಯ ಸರದಿ. ಎರಡನೇ ಚೀಲದಲ್ಲಿ ನಮ್ಮ ಹುಡುಗನೊಬ್ಬ ನಿಂತಿದ್ದ, ದಾಂಡು ಹಿಡಿದು ತಮ್ಮ ಬಂದ. ಅಪ್ಪನ ಉಗುರು ನನ್ನ ಕೈಗೆ ನಾಟಿತು. ತಮ್ಮ ಬೀಸಲೇ ಇಲ್ಲ. ದಾಂಡನ್ನು ಅಡ್ಡ ಹಿಡಿದು ಚೆಂಡಿಗೆ ಮೆಲ್ಲ ತಾಗಿಸಿದ. ಅದು ಹತ್ತಿರದಲ್ಲೇ ಉರುಳಿತು, ಅವರು ಹೆಕ್ಕಿ ಮೊದಲನೇ ಚೀಲಕ್ಕೆ ಎಸೆದರು, ಇವನು ಓಡಿ ಮುಟ್ಟುವ ಮೊದಲೇ ಔಟ್.

"ಹೊಡೆಯಲೇ ಇಲ್ಲ ಅಪ್ಪ, ಹೆದರುಪುಕ್ಕಲ" ಎಂದೆ. ಇವನಿಗಾಗಿಯೇ ನಾನು ಕೈ ಸುಟ್ಟುಕೊಂಡದ್ದು ಎಂದು ಹೊಟ್ಟೆ ಉರಿಯಿತು.

"ಎರಡನೇ ಚೀಲದವನು ಎಲ್ಲಿದ್ದಾನೆ?"

"ಮೂರನೆಯದಕ್ಕೆ ಹೋದ."

ಅಪ್ಪ "ಹ್ಞೂಂ" ಎಂದರು. ಮುಂದೆ ಬಂದವನು ಸರಿಯಾಗಿ ಬಾರಿಸಿದ. ಮೂರನೇ ಚೀಲದವನು ಓಡಿ ಬಂದ, ನಾವು ಗೆದ್ದೆವು. ಎಲ್ಲ ಸೇರಿ ತಮ್ಮನ ಬೆನ್ನು ತಟ್ಟಿದರು. ಅವನು ಬೆವರು ಒರೆಸಿಕೊಳ್ಳುತ್ತಾ ನಮ್ಮಲ್ಲಿಗೆ ಬಂದ. ಯಾಕೆ ಹೊಡೆಯಲಿಲ್ಲ ಎಂದು ನಾನು ಜೋರು ಮಾಡಿದೆ.

"ಅದು ಹಾಗೇ ಅಕ್ಕ. ಅವರು ನನ್ನನ್ನು ಔಟ್ ಮಾಡುವ ಹೊತ್ತಿಗೆ ಅವನು ಮುಂದೆ ಹೋಗ್ತಾನೆ. ಬೇಕೆಂದೇ ಔಟಾಗುವುದು."

ಅಪ್ಪ ಅವನ ದನಿ ಬಂದ ಕಡೆ ಮುಖ ತಿರುಗಿಸಿದರು. ಆಮೇಲೆ, "ಔಟಾಗು ಎಂದು ಮಾಸ್ಟ್ರು ಹೇಳಿದ್ದಾ, ಕೇಳಿದ್ದಾ?" ಎಂದರು.

"ಕೇಳಿದರು. ನಿನಗೆ ಆಗಬಹುದಾ ಎಂದರು. ಆಗಬಹುದು ಎಂದೆ."

"ನಾನು ಇವಳನ್ನು ಕೇಳಲಿಲ್ಲ" ಎಂದರು ಅಪ್ಪ.

ತಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಗೆಳೆಯರು ಕರೆದರು, ಓಡಿದ. ಎಷ್ಟೋ ವರ್ಷ ನಾನು ಕಾದ ಮಾತು ಬಂದೇ ಬಿಟ್ಟಿತ್ತು. ಬಂದಾಗ ನಾನು ಮೆತ್ತಗಾಗಲಿಲ್ಲ, ಅದು ನನ್ನ ಹುಟ್ಟುಗುಣವೇ ಅಲ್ಲ.

"ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆ" ಎಂದೆ.

"ಗೊತ್ತುಂಟು ಮಗಾ" ಎಂದರು ಅಪ್ಪ. "ಅದಕ್ಕೇ ಕೇಳಲಿಲ್ಲ."

ಜನ ಕರಗುವವರೆಗೂ ನಾವಿಬ್ಬರು ಅಲ್ಲೇ ಕೂತಿದ್ದೆವು. ನಾನು ಅತ್ತೆ. ಸೆರಗಿನಲ್ಲಿ ಒರೆಸಿಕೊಂಡರೆ ಅಪ್ಪನಿಗೆ ಕಾಣುವುದಿಲ್ಲ ಎಂದುಕೊಂಡಿದ್ದೆ. ಅವರು ಮಾತ್ರ ನನ್ನ ಕಪ್ಪು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾ ಇದ್ದರು.