ಅಡುಗೆಮನೆಯ ಕನ್ನಡ

ನನ್ನದು ಸಂಶಯದ ಸ್ವಭಾವ. ಮದುವೆಗೆ ಮೊದಲು ಹೀಗಿರಲಿಲ್ಲ ಎಂದು ಹೇಳಬಹುದಿತ್ತು, ಆದರೆ ನೀವು ನನ್ನ ಅಮ್ಮನನ್ನು ಕೇಳಿಬಿಟ್ಟರೆ ಕಷ್ಟ.

ಗದಗದಿಂದ ಮೂಡುಬಿದಿರೆಗೆ ಓದಲು ಬಂದ ನಾನು ಸಹಪಾಠಿಯನ್ನು ಮೆಚ್ಚಿ ಬೆಳ್ತಂಗಡಿಯ ಸೊಸೆಯಾದೆ. ಮನೆ ತುಂಬ ತುಳು. ಅತ್ತೆ, ನಾದಿನಿ ಅಡುಗೆಮನೆಯಲ್ಲಿ ನಗುತ್ತಿರುತ್ತಾರೆ. ನಾನು ಹೊಸ್ತಿಲು ದಾಟಿದ ಕೂಡಲೇ ನಗು ನಿಂತು ಕನ್ನಡ ಶುರುವಾಗುತ್ತದೆ. ಅದೂ ಶಾಲೆಯ ಪುಸ್ತಕದ ಕನ್ನಡ. “ನೀವು ವಿಶ್ರಾಂತಿ ತೆಗೆದುಕೊಳ್ಳಿ, ಕೆಲಸ ನಾವು ಮಾಡ್ತೇವೆ.” ಸೊಸೆಗೆ ಯಾರಾದರೂ ಹೀಗೆ ಹೇಳುವುದುಂಟೇ? ಲಾಡ್ಜಿನಲ್ಲಿ ಇಳಿದುಕೊಂಡವಳ ಹಾಗೆ ಒಂದು ವರ್ಷ ಕಳೆದೆ.

“ನಿನಗೆ ಅರ್ಥ ಆಗಲಿ ಅಂತ ಕನ್ನಡ ಮಾತಾಡುವುದು ಮಾರಾಯ್ತಿ” ಎಂದ ಗಂಡ. ಅವನ ಮೇಲೂ ಸಂಶಯ ಬಂತು.

ಹಿಂದಿನ ಅರಸರು ಮಾರುವೇಷ ಹಾಕಿ ಪ್ರಜೆಗಳ ಮಾತು ಕದ್ದು ಕೇಳುತ್ತಿದ್ದರಂತೆ. ನಾನು ಬಂಟ್ವಾಳದ ಆಫೀಸಿಗೆ ಹೋಗುವ ಬಸ್ಸಿನಲ್ಲಿ, ಪಕ್ಕದ ಸೀಟಿನ ಹೆಂಗಸರಿಂದ ಗುಟ್ಟಾಗಿ ತುಳು ಕಲಿತೆ. ಬಳಿಕ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟೆ. ಅಳದಂಗಡಿಯ ಚಿಕ್ಕಮ್ಮನ ಮಂಡಿನೋವು, ಬಸಳೆಗೆ ಬಿದ್ದ ಹುಳ. ನನ್ನ ಹೆಸರೇ ಇಲ್ಲ! ನಿಜ ಹೇಳುತ್ತೇನೆ, ಬೈಯುತ್ತಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಈ ಮನೆಗೆ ನಾನು ದೂರುವಷ್ಟೂ ಬೇಕಾದವಳಲ್ಲವೇ?

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಒಲೆಯ ಪಕ್ಕದ ಮಣ್ಣಿನ ಪಾತ್ರೆಯಲ್ಲಿ ಹಿಂದಿನ ದಿನದ ಬಂಗುಡೆ ಸಾರು. ಮೀನು ತಿನ್ನದ ಮನೆಯಲ್ಲಿ ಬೆಳೆದ ನನಗೆ ಅದು ಹಳಸಿದೆಯೆಂಬ ಸಂಶಯ. ತೆಂಗಿನ ಬುಡಕ್ಕೆ ಸುರಿದು, ಪಾತ್ರೆಗೆ ಸೋಪು ಹಾಕಿ ತಿಕ್ಕಿ ತೊಳೆದಿಟ್ಟೆ. ಮೀನು ಹುಳಿ, ಖಾರ ಹೀರಿಕೊಂಡ ಆ ಮರುದಿನದ ಸಾರಿಗಾಗಿಯೇ ಇವರು ನೀರುದೋಸೆ ಹುಯ್ಯುತ್ತಾರೆ, ಮಣ್ಣಿನ ಪಾತ್ರೆಗೆ ಸೋಪು ತಾಗಿಸುವುದಿಲ್ಲ. ವಿಶ್ರಾಂತಿ ತೆಗೆದುಕೊಂಡೇ ಇದ್ದವಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಅತ್ತೆ ಬಂದರು, ನೋಡಿದರು. “ಈ ದಾನೆ ಮಲ್ತ ಮಾರಾಯ್ತಿ!” ಏನು ಮಾಡಿಬಿಟ್ಟೆ ಎಂದು ಶುರುವಾದ ತುಳು ಐದು ನಿಮಿಷ ನಿಲ್ಲಲಿಲ್ಲ. ನಾದಿನಿಗೆ ಬೈಯುವ ಹಾಗೆಯೇ ಬೈದರು. ನನಗೆ ಕಣ್ಣು ತುಂಬಿ ಬಂತು, ಸಂತೋಷಕ್ಕೆ.

ನನ್ನ ಕಣ್ಣೀರು ಕಂಡು ಅತ್ತೆ ಗಾಬರಿಯಾದರು. “ಅಯ್ಯೋ, ನೀವು ಬೇಸರ ಮಾಡಿಕೊಳ್ಳಬೇಡಿ” ಎಂದು ಕನ್ನಡಕ್ಕೆ ಹೊರಳಿದರು.

ಈ ಕನ್ನಡ ಮತ್ತೆ ಬೇಡವೆನಿಸಿತು. “ತಪ್ಪಾಂಡ್ ಮಾಮಿ” ಎಂದೆ. ತಪ್ಪಾಯಿತು ಅತ್ತೆ, ಅಷ್ಟೇ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಗಲಾಟೆಗೆ ಎದ್ದು ಬಂದಿದ್ದ ನಾದಿನಿಯ ಮುಖ ನೋಡಿದರು. ಇಷ್ಟು ದಿನ ಏನೇನು ಮಾತಾಡಿದ್ದೆವೆಂದು ಇಬ್ಬರೂ ನೆನಪು ಮಾಡಿಕೊಳ್ಳುತ್ತಿದ್ದರು. ಈಗ ನಾನು ಅಡುಗೆಮನೆಗೆ ಕಾಲಿಟ್ಟರೆ ತುಳು ನಿಲ್ಲುವುದಿಲ್ಲ, ಸ್ವಲ್ಪ ಸಣ್ಣ ದನಿಯಲ್ಲಿ ಮುಂದುವರಿಯುತ್ತದೆ. ನನ್ನ ಮೇಲೆ ಮನೆಯವರಿಗೆಲ್ಲ ಸಂಶಯ. ನೆಂಟರ ಮೇಲೆ ಯಾರೂ ಇಷ್ಟೊಂದು ಸಂಶಯ ಪಡುವುದಿಲ್ಲವಾದ್ದರಿಂದ, ನಾನು ನೆಮ್ಮದಿಯಾಗಿದ್ದೇನೆ.